ಯೋಗ್ಯತೆಯ ಕಾಲಮ್ಮಿನಲ್ಲಿ ಬರೆದದ್ದು

ಹಿರಿಯ ಸಮಾಜ ಕಾರ್ಯಕರ್ತರ ಹುದ್ದೆಗೆ ಅರ್ಜಿ ಕರೆದ ಹಾಳೆಯನ್ನು ನಮ್ಮ ದವಾಖಾನೆಯ ಬೋರ್ಡಿಗೆ ಅಂಟಿಸಿದ ದಿನ, ನಾನು ಅದನ್ನು ನಿಂತಲ್ಲೇ ಮೂರು ಸಲ ಓದಿದೆ. ನಮ್ಮದು ಮಾಜಿ ಸೈನಿಕರಿಗಾಗಿ ಇರುವ ಸಣ್ಣ ದವಾಖಾನೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ನಿವೃತ್ತ ಸೈನಿಕರೂ ಅವರ ಮನೆಯವರೂ ಬರುತ್ತಾರೆ. ಡಾಕ್ಟರು ಔಷಧ ಬರೆಯುತ್ತಾರೆ. ಆ ಔಷಧ ಮನೆ ಮುಟ್ಟಿದ ಮೇಲೆ ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ನಿದ್ದೆ ಬಾರದವರು, ಕುಡಿತ ಬಿಡಲಾಗದವರು, ಕಾಗದಪತ್ರ ಸರಿ ಇಲ್ಲದವರು, ಸುಮ್ಮನೆ ಮಾತಾಡಲು ಒಬ್ಬರು ಬೇಕಾದವರು, ಎಲ್ಲರೂ ಕೊನೆಗೆ ನನ್ನ ಮೇಜಿನ ಮುಂದೆ ಬಂದು ಕೂಡುತ್ತಾರೆ.

ಹಾಳೆಯಲ್ಲಿ ಕೇಳಿದ್ದೆಲ್ಲ ನನ್ನ ಬಳಿ ಇತ್ತು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದೂ ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗದಲ್ಲಿ. ಆಸ್ಪತ್ರೆಯಲ್ಲಿ ದುಡಿದ ಅನುಭವ. ಕನ್ನಡ, ಹಿಂದಿ, ಇಂಗ್ಲಿಷು. ತರಬೇತಿಗೆ ಬಂದ ವಿದ್ಯಾರ್ಥಿಗಳ ಕೆಲಸ ನೋಡಿಕೊಂಡ ಪ್ರಮಾಣಪತ್ರ. ಕೊನೆಯ ಸಾಲು ಮಾತ್ರ ಹೊಸದಾಗಿತ್ತು: ಅರ್ಜಿದಾರರು ತಾವೇ ನಿರ್ವಹಿಸಿದ ಒಂದು ಪ್ರಕರಣವನ್ನು, ಮನೆ ಭೇಟಿಯ ವಿವರ ಸಹಿತ, ಎರಡು ಪುಟ ಮೀರದಂತೆ ಬರೆದು ಲಗತ್ತಿಸಬೇಕು.

ಸವಣೂರಿನ ನಮ್ಮ ಮನೆಯಲ್ಲಿ ಓದು ಬರಹಕ್ಕೆ ಎಂದೂ ಕೊರತೆ ಇರಲಿಲ್ಲ. ಅಜ್ಜ ಸಂಸ್ಕೃತ ಪಾಠ ಹೇಳುತ್ತಿದ್ದರು, ಅಪ್ಪ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಎರಡು ಪುಟ ಬರೆಯುವುದು ನನಗೇನು ಕಷ್ಟ ಎಂದುಕೊಂಡು ಫೈಲುಗಳನ್ನು ತೆಗೆದು ಕೂತೆ. ಎಲ್ಲಕ್ಕಿಂತ ಅಚ್ಚುಕಟ್ಟಾಗಿ ಕಂಡದ್ದು ತಿಳವಳ್ಳಿಯಿಂದ ಒಳಗಿರುವ ಒಂದು ಹಳ್ಳಿಯ ನಿವೃತ್ತ ಹವಾಲ್ದಾರರ ಫೈಲು. ಸೈನ್ಯದಲ್ಲಿ ಗುಡ್ಡಗಾಡಿನ ದಾರಿಗಳಲ್ಲಿ ಲಾರಿ ಓಡಿಸಿ ಬಂದವರು. ರಕ್ತದೊತ್ತಡದ ಕಾಯಿಲೆ. ಎಡ ಮೊಣಕಾಲು ನೋವು, ಬಸ್ಸು ಹತ್ತಲಾಗದು ಎಂದು ಎರಡು ವರ್ಷದ ಹಿಂದೆ ಹೆಂಡತಿಯ ಕೈಯಲ್ಲಿ ಒಂದು ಪತ್ರ ಬರೆದು ಕಳಿಸಿದ್ದರು. ಅಂದಿನಿಂದ ಅವರ ಪರವಾಗಿ ಹೆಂಡತಿ ತಿಂಗಳಿಗೊಮ್ಮೆ ಬಂದು ಗುಳಿಗೆ ಒಯ್ಯುತ್ತಿದ್ದರು. ಹಾಗೆ ಕೊಡಬಹುದೆಂದು ಶಿಫಾರಸು ಮಾಡಿದವಳು ನಾನೇ. ಪ್ರತಿ ತಿಂಗಳೂ ಆ ಹೆಣ್ಣುಮಗಳನ್ನು ಕೇಳುತ್ತಿದ್ದೆ, ಹವಾಲ್ದಾರರು ಹೇಗಿದ್ದಾರೆ ಎಂದು. ಆಕೆ ಆರಾಮ ಇದ್ದಾರೆ ಎನ್ನುತ್ತಿದ್ದರು. ನಾನು ಫೈಲಿನಲ್ಲಿ ‘ಸ್ಥಿರ’ ಎಂದು ಬರೆಯುತ್ತಿದ್ದೆ. ಇಪ್ಪತ್ತಕ್ಕೂ ಹೆಚ್ಚು ಸಲ ಹಾಗೆ ಬರೆದಿದ್ದೆ. ಆದರೆ ಮನೆ ಭೇಟಿ ಒಂದೂ ಇರಲಿಲ್ಲ.

ಆದ್ದರಿಂದ ಹೋದೆ. ರೋಗಿಯ ಚಿಂತೆಯಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಜಿಗೆ ಬೇಕಾಗಿತ್ತು, ಹೋದೆ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ತಿಳವಳ್ಳಿಯಲ್ಲಿ ಇಳಿದು, ಅಲ್ಲಿಂದ ಟಂಟಂ ಹತ್ತಿ ಹಳ್ಳಿಯ ಅಗಸಿ ಬಾಗಿಲ ಬಳಿ ಇಳಿದಾಗ ಹನ್ನೊಂದು ಗಂಟೆಯ ಬಿಸಿಲು. ಗೋವಿನಜೋಳದ ಹೊಲದ ಕಡೆಯಿಂದ ಒಬ್ಬರು ಸೈಕಲ್ಲಿನ ಹಿಂದೆ ಹಸಿ ಮೇವಿನ ಹೊರೆ ಕಟ್ಟಿಕೊಂಡು ಬರುತ್ತಿದ್ದರು. ಹವಾಲ್ದಾರರ ಮನೆ ಎಲ್ಲಿ ಎಂದು ಕೇಳಿದೆ. ಅವರು ಸೈಕಲ್ಲಿನಿಂದ ಇಳಿದು, ಬರ್ರಿ, ತೋರಸ್ತೇನಿ ಎಂದು ನನ್ನ ಮುಂದೆ ಹೊರಟರು. ಬೆನ್ನು ನೆಟ್ಟಗೆ, ಹೆಜ್ಜೆ ಒಂದೇ ಅಳತೆ. ಹಿಂದೆ ನಡೆಯಲು ನಾನು ಸ್ವಲ್ಪ ಓಡಬೇಕಾಯಿತು. ಯಾರ ಕಡೆಯಿಂದ ಬಂದಿರಿ ಎಂದು ಅವರು ಕೇಳಿದರು. ಮಿಲಿಟರಿ ದವಾಖಾನೆಯಿಂದ ಎಂದೆ. ಅವರು ಒಂದು ಗಳಿಗೆ ನಿಂತರು. ಮತ್ತೆ ನಡೆಯತೊಡಗಿದಾಗ ಕುಂಟುತ್ತಿದ್ದರು, ಬಲಗಾಲಿನಿಂದ.

ಅವರೇ ಹವಾಲ್ದಾರರೆಂದು ನನಗೆ ಆಗ ಗೊತ್ತಾಯಿತು. ನೋವು ಎಡಗಾಲಿಂದ ಬಲಗಾಲಿಗೆ ಯಾವಾಗ ಬಂತು ಎಂದು ಕೇಳಲು ನಾಲಿಗೆ ತುರಿಸುತ್ತಿತ್ತು. ಆದರೆ ಒಬ್ಬ ಮನುಷ್ಯ ಆರೋಗ್ಯವಾಗಿದ್ದೇನೆಂಬುದನ್ನು ಯಾಕೆ ಮುಚ್ಚಿಡುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು.

ಮನೆ ಚಿಕ್ಕದು, ಸ್ವಚ್ಛ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಸಮವಸ್ತ್ರದಲ್ಲಿರುವ ಹರೆಯದ ಹವಾಲ್ದಾರರು. ಹೆಂಡತಿ ನನ್ನನ್ನು ನೋಡಿದ್ದೇ ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದರು. ಚಹಾ ಆಯಿತು. ಮನೆ ಭೇಟಿಯಲ್ಲಿ ಗುಳಿಗೆ ಇಟ್ಟ ಜಾಗ ನೋಡುವುದು ನಮ್ಮ ರೂಢಿ, ತೋರಿಸಿ ಎಂದೆ. ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿದರು. ಆಕೆ ಒಳಗಿನಿಂದ ಒಂದು ಸ್ಟೀಲ್ ಡಬ್ಬಿ ತಂದರು. ಅದರಲ್ಲಿ ಅಡಿಕೆ ಕತ್ತರಿಸುವ ಅಡಕೊತ್ತು ಇತ್ತು, ಗುಳಿಗೆಗಳೂ ಇದ್ದವು, ಎಲ್ಲವೂ ಎರಡೆರಡು ತುಂಡು.

“ಇವು ಯಾಕ ಅರ್ಧರ್ಧ ಆಗ್ಯಾವ್ರಿ?” ಎಂದು ಕೇಳಿದೆ.

ಹವಾಲ್ದಾರರು ಬಾಗಿಲ ಕಡೆ ನೋಡಿದರು. ಹೆಂಡತಿ ಹೇಳಿದರು: “ಒಂದರ್ಧ ಅವರಿಗೆ, ಒಂದರ್ಧ ನನಗರಿ. ನನಗೂ ಅದ ಬ್ಯಾನಿ ಐತಿ.”

ಆಗ ಹವಾಲ್ದಾರರು ಬಾಯಿಬಿಟ್ಟರು. “ಫೌಜಿನ್ಯಾಗ ಒಂದ ತಾಟಿನ್ಯಾಗ ಇಬ್ರು ಉಂಡೇವ್ರಿ ಮೇಡಂ. ಗುಳಿಗಿ ಏನ್ ದೊಡ್ಡ ಮಾತು?”

ಸೈನಿಕನ ಹೆಂಡತಿಗೂ ದವಾಖಾನೆಯ ಹಕ್ಕಿದೆಯಲ್ಲ, ನಿಮಗೇ ಒಂದು ಕಾರ್ಡು ಆಗುತ್ತದಲ್ಲ ಎಂದೆ. ಆಗ ಆಕೆ ಹಳೆಯದನ್ನೆಲ್ಲ ಹೇಳಿದರು. ನಾನು ಕೆಲಸಕ್ಕೆ ಸೇರುವುದಕ್ಕೆ ಮೊದಲು, ಗಂಡನ ಜೊತೆ ಕಾರ್ಡು ಮಾಡಿಸಲು ಬಂದಿದ್ದರಂತೆ. ಗಂಡ ಸೈನ್ಯದಿಂದ ಬಿಡುಗಡೆಯಾಗುವಾಗ ಕೊಟ್ಟ ಪುಸ್ತಕದಲ್ಲಿ ಹೆಂಡತಿ ಎಂದು ಇದ್ದದ್ದು ಒಂದು ಹೆಸರು, ಆಕೆಯ ಆಧಾರ್ ಕಾರ್ಡಿನಲ್ಲಿದ್ದದ್ದು ಇನ್ನೊಂದು. ಕಿಟಕಿಯ ಹಿಂದೆ ಕೂತಿದ್ದವನು, ಹಾಗಾದರೆ ನೀನು ಯಾರು ಎಂದು ಕೇಳಿದ. ಸಾಲಿನಲ್ಲಿದ್ದವರು ನಕ್ಕರು. ಹವಾಲ್ದಾರರು ಕಿಟಕಿಯ ಮೇಲೆ ಕೈ ಬಡಿದು ಜಗಳ ತೆಗೆದರು. ಆಕೆ ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು. ಮತ್ತೆ ಆ ಮಾತು ತೆಗೆಯಲಿಲ್ಲ.

“ಗುಳಿಗಿ ಒಯ್ಯಾಕ ಬಂದೇನಿ ಅಂದ್ರ ಯಾರೂ ಹೆಸರು ಕೇಳೂದಿಲ್ರಿ,” ಎಂದರು. “ಪತ್ರ ತೋರಿಸಿದ್ರ ಮುಗೀತು.”

ತಿಳವಳ್ಳಿಯ ಸರ್ಕಾರಿ ದವಾಖಾನೆಯಲ್ಲೂ ಇದೇ ಗುಳಿಗೆ ಸಿಗುತ್ತದಲ್ಲ ಎಂದು ಕೇಳಿದೆ. ಸಿಗುತ್ತದೆ, ಅಲ್ಲಿಯವರು ಒಳ್ಳೆಯವರೇ ಎಂದರು. ಆದರೆ ಗಂಡ ಊರಿಗೆ ಬರದ ವರ್ಷಗಳಲ್ಲಿ ಮನೆ, ಹೊಲ, ಅತ್ತೆ ಮಾವ ಎಲ್ಲವನ್ನೂ ನೋಡಿಕೊಂಡದ್ದು ತಾನು. ಆ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದು ನಮ್ಮ ಮಿಲಿಟರಿ ದವಾಖಾನೆ ಒಂದೇ ಎಂದು ಅವರಿಗೆ ಅನ್ನಿಸಿತ್ತು. ಹವಾಲ್ದಾರರು ದವಾಖಾನೆಗೆ ಬಾರದೆ ಇದ್ದುದರ ಕಾರಣವೂ ಆಗ ತಿಳಿಯಿತು. ಅವರು ಬಂದರೆ ಡಾಕ್ಟರು ತೋಳಿಗೆ ಪಟ್ಟಿ ಕಟ್ಟುತ್ತಾರೆ, ಒತ್ತಡ ಇಳಿದಿಲ್ಲ ಎಂದು ಗೊತ್ತಾಗುತ್ತದೆ, ಗುಟ್ಟು ಹೊರಬೀಳುತ್ತದೆ. ಅದಕ್ಕೇ ಮೊಣಕಾಲು.

ಚೀಲದಲ್ಲಿದ್ದ ಯಂತ್ರ ತೆಗೆದು ಇಬ್ಬರಿಗೂ ಹಚ್ಚಿ ನೋಡಿದೆ. ಇಬ್ಬರದೂ ಹೆಚ್ಚಿತ್ತು, ಆಕೆಯದು ಹೆದರಿಕೆ ಬರುವಷ್ಟು. ಅಂಗಳಕ್ಕೆ ಬಂದು ನಮ್ಮ ಡಾಕ್ಟರಿಗೆ ಫೋನು ಮಾಡಿದೆ. ಅವರು ವಯಸ್ಸಿನಲ್ಲಿ ನನಗಿಂತ ಹಿರಿಯ ಹೆಂಗಸು, ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು, ನಾಳೆಯೇ ಇಬ್ಬರನ್ನೂ ಕರೆತನ್ನಿ ಎಂದರು. ಆಮೇಲೆ ಕೇಳಿದರು: “ಎರಡು ವರ್ಷ ‘ಸ್ಥಿರ’ ಅಂತ ಬರೆದಿದ್ದೀರಲ್ಲ, ಏನು ನೋಡಿ ಬರೆದಿರಿ?”

ಅಂಗಳದಲ್ಲಿ ಕೋಳಿಗಳು ಕೆದರುತ್ತಿದ್ದವು. ಫೋನು ಹಿಡಿದುಕೊಂಡು ಅವುಗಳನ್ನು ನೋಡುತ್ತ ನಿಂತಿದ್ದೆ.

ಮರುದಿನ ಇಬ್ಬರೂ ಬಂದರು. ಹವಾಲ್ದಾರರಿಗೆ ಔಷಧ ಬದಲಾಯಿತು. ಹೆಂಡತಿಯ ಕಾರ್ಡು ಆಗುವ ತನಕ ತಿಳವಳ್ಳಿಯ ದವಾಖಾನೆಯಲ್ಲೇ ತೋರಿಸಬೇಕೆಂದು ಡಾಕ್ಟರು ಪತ್ರ ಬರೆದುಕೊಟ್ಟರು. ಗುಳಿಗೆ ಇಡೀ ನುಂಗಬೇಕು, ಅಡಕೊತ್ತು ಅಡಿಕೆಗೆ ಮಾತ್ರ ಎಂದು ಹೇಳಿ ಕಳಿಸಿದರು.

ಹೆಸರಿನ ಗಂಟು ಬಿಡಿಸುವುದು ನನ್ನ ಪಾಲಿಗೆ ಬಂತು. ಒಬ್ಬಾಕೆಗೆ ಎರಡು ಹೆಸರಿರುವುದು ನನಗೆ ಹೊಸದಲ್ಲ. ನಮ್ಮ ಅಜ್ಜಿಗೂ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದಿದ್ದರು. ತವರಿನವರು ಹಳೆಯದರಿಂದಲೇ ಕೂಗುತ್ತಿದ್ದರು. ಹವಾಲ್ದಾರರ ಮನೆಯಲ್ಲೂ ಅತ್ತೆ ಮದುವೆಯಲ್ಲಿ ಹೊಸ ಹೆಸರಿಟ್ಟಿದ್ದರು. ರಜೆ ಮುಗಿಸಿ ಹೋದ ಗಂಡ ಅದನ್ನೇ ಸೈನ್ಯದಲ್ಲಿ ಬರೆಸಿದ್ದರು. ಈ ಎರಡೂ ಹೆಸರು ಒಬ್ಬಾಕೆಯದೇ ಎಂದು ತೋರಿಸದೆ ಹೋದರೆ ಕಾರ್ಡಷ್ಟೇ ಅಲ್ಲ, ಹವಾಲ್ದಾರರ ಕಾಲದ ನಂತರ ಆಕೆಗೆ ಬರಬೇಕಾದ ಪಿಂಚಣಿಯೂ ನಿಲ್ಲುತ್ತಿತ್ತು.

ಮೊದಲು ಹಿರೇಕೆರೂರು ತಾಲ್ಲೂಕಿನಲ್ಲಿರುವ ಆಕೆಯ ತವರಿನ ಶಾಲೆಗೆ ಹೋದೆವು. ಅಲ್ಲಿ ನಾಲ್ಕನೆಯ ಇಯತ್ತೆಯ ತನಕ ಓದಿದ್ದಕ್ಕೆ ದಾಖಲೆ ಸಿಕ್ಕಿತು, ತವರಿನ ಹೆಸರಿನಲ್ಲಿ. ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ತಡೆಯಲಾಗಲಿಲ್ಲ.

“ಅಕ್ಕಾರ, ನಿಮಗ ಯಾವ ಹೆಸರು ನಿಮ್ಮದು ಅನಸ್ತದ್ರಿ?”

ಆಕೆ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: “ಎಲ್ಲಾರೂ ಕರಿಯೂದು ತವರಿನ ಹೆಸರಿಂದರಿ. ಇನ್ನೊಂದು ಹೆಸರು ಹಿಡದಾವರು ಅವರೊಬ್ಬರ. ಅದೂ ಪತ್ರದಾಗ. ಎದುರಿಗೆ ಬಂದ್ರ ‘ಏ, ಕೇಳ್ತೇನು’ ಅಂತಾರ.”

ಯಾವ ಪತ್ರ ಎಂದು ಕೇಳಿದೆ. ಗಂಡ ನೌಕರಿಯಲ್ಲಿದ್ದಾಗ ಬರೆದ ಪತ್ರಗಳು ಟ್ರಂಕಿನಲ್ಲಿವೆ ಎಂದರು, ಅದೇನು ದೊಡ್ಡ ಸಂಗತಿಯಲ್ಲ ಎಂಬಂತೆ.

ಅದು ದೊಡ್ಡ ಸಂಗತಿಯೇ ಆಗಿತ್ತು. ನೀಲಿ ಇನ್‌ಲ್ಯಾಂಡ್ ಪತ್ರಗಳು, ಒಂದು ಟ್ರಂಕಿನ ಅರ್ಧ. ಎಲ್ಲದರ ಮೇಲೂ ಮದುವೆಯ ಹೆಸರು, ಇದೇ ಹಳ್ಳಿಯ ವಿಳಾಸ, ಅಂಚೆಯ ಮುದ್ರೆ. ಒಳಗಿನದನ್ನು ನಾನು ಓದಲಿಲ್ಲ. ಓದಬೇಕೆನ್ನಿಸಲಿಲ್ಲ ಎಂದು ಹೇಳಲಾರೆ. ಹವಾಲ್ದಾರರು ಬೇರೆ ಕಡೆ ಮುಖ ಮಾಡಿ ನಿಂತಿದ್ದರು. ಆಕೆ ತಾವೇ ಹೊರಗಿನ ವಿಳಾಸ ಸ್ವಚ್ಛವಾಗಿ ಕಾಣುವ ಕೆಲವನ್ನು ಆರಿಸಿ ಕೊಟ್ಟರು. ಹಾನಗಲ್ಲಿನ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದೆವು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು. ಎಲ್ಲವನ್ನೂ ಸೇರಿಸಿ, ಅವರು ದುಡಿದ ದಳದ ದಾಖಲೆ ಕಚೇರಿಗೆ ಕಳಿಸಿ ಕಾಯುತ್ತ ಕೂತೆವು.

ಈ ನಡುವೆ ಅರ್ಜಿಯ ಕೊನೆಯ ದಿನ ಬಂತು. ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದರು. ಮನೆ ಭೇಟಿಯ ದಿನದಿಂದ ಕತೆ ಶುರುಮಾಡಿ, ಹಿಂದಿನ ಎರಡು ವರ್ಷ ಯಾರಿಗೆ ಬೇಕು ಎಂದು. ಅದರಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ. ಹಾಗೆಯೇ ಬರೆದೂ ನೋಡಿದೆ. ಓದಿದರೆ ನಾನು ಬಹಳ ಜಾಣೆಯಾಗಿ ಕಾಣುತ್ತಿದ್ದೆ. ಯಾರೂ ಕೇಳದಿದ್ದರೂ ಹೊರಟು, ಯಾರೂ ಕಾಣದ್ದನ್ನು ಕಂಡು ಬಂದವಳ ಹಾಗೆ. ಎರಡನೆಯ ಸಲ ಓದುವಾಗ ನಾಚಿಕೆಯಾಯಿತು. ಹರಿದು ಹಾಕಿ ಮೊದಲಿನಿಂದ ಬರೆದೆ. ‘ಎರಡು ವರ್ಷ ನಾನು ಈ ರೋಗಿಯನ್ನು ಒಮ್ಮೆಯೂ ನೋಡಿರಲಿಲ್ಲ’ ಎಂಬುದು ಮೊದಲ ಸಾಲಾಯಿತು.

ಸಂದರ್ಶನದಲ್ಲಿ ಮೂವರಿದ್ದರು. ನಡುವೆ ಕೂತಿದ್ದ ನಿವೃತ್ತ ಸೇನಾಧಿಕಾರಿ ನನ್ನ ಎರಡು ಪುಟಗಳನ್ನು ಮುಂದಿಟ್ಟುಕೊಂಡಿದ್ದರು. ತಪ್ಪನ್ನೇ ಯೋಗ್ಯತೆ ಎಂದು ಬರೆದಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದರು. ಯೋಗ್ಯತೆ ಎಂದಲ್ಲ, ಕಿರಿಯರಿಗೆ ಮೊದಲು ಹೇಳಿಕೊಡಬೇಕಾದದ್ದು ಇದು, ಅದಕ್ಕೆ ಬರೆದೆ ಎಂದೆ. ಅವರು ತಲೆ ಆಡಿಸಲಿಲ್ಲ, ನಗಲೂ ಇಲ್ಲ. ಪುಟ ತಿರುವಿ ಇನ್ನೊಂದು ಪ್ರಶ್ನೆ ಕೇಳಿದರು. ಅಷ್ಟು ಸಣ್ಣ ಗುಳಿಗೆಯನ್ನು ಅಡಕೊತ್ತಿನಿಂದ ಸಮನಾಗಿ ಕತ್ತರಿಸಲು ಬರುವುದಿಲ್ಲ. ದೊಡ್ಡ ತುಂಡು ಯಾರ ಪಾಲಿಗೆ ಹೋಗುತ್ತಿತ್ತು?

ಗೊತ್ತಿಲ್ಲ ಸರ್, ಕೇಳಲಿಲ್ಲ ಎಂದೆ. ಹೊರಗೆ ಬಂದ ಮೇಲೂ ಅದೇ ಕೊರೆಯುತ್ತಿತ್ತು: ಇದು ನನಗೆ ಯಾಕೆ ಹೊಳೆಯಲಿಲ್ಲ?

ಮಳೆಗಾಲ ಮುಗಿಯುವ ಹೊತ್ತಿಗೆ ದಾಖಲೆ ಕಚೇರಿಯಿಂದ ಒಪ್ಪಿಗೆ ಬಂತು, ಹಿಂದೆಯೇ ಕಾರ್ಡೂ ಬಂತು. ಆಕೆ ಮೊದಲ ಸಲ ತಮ್ಮದೇ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತ ದಿನ ನರ್ಸು ಎರಡು ಸಲ ಕಾರ್ಡಿನಲ್ಲಿದ್ದ ಮದುವೆಯ ಹೆಸರು ಕೂಗಿದಳು. ಆಕೆ ಕದಲಲಿಲ್ಲ. ಮೂರನೆಯ ಸಲಕ್ಕೆ ಹವಾಲ್ದಾರರು ಪಕ್ಕದಿಂದ ಮೊಣಕೈ ತಾಕಿಸಿದರು. ಆಕೆ ಗಾಬರಿಯಿಂದ ಎದ್ದು, ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದರು. ಒತ್ತಡ ಬಹಳ ಇಳಿದಿತ್ತು. ಹೊರಗೆ ಬಂದಾಗ ನಾನು ದೊಡ್ಡ ತುಂಡಿನ ಪ್ರಶ್ನೆ ಕೇಳಿದೆ. ಗಂಡ ಹೆಂಡತಿಯ ಕಡೆ ಬೆರಳು ತೋರಿಸಿದರು, ಹೆಂಡತಿ ಗಂಡನ ಕಡೆ. ಇಬ್ಬರೂ ಹಟ ಬಿಡಲಿಲ್ಲ. ಹಾನಗಲ್ ಬಸ್ಸಿಗೆ ತಡವಾಗುತ್ತದೆ ಎಂದು ಹೊರಟುಹೋದರು.

ಆಯ್ಕೆ ಪಟ್ಟಿಯಲ್ಲಿ ನನ್ನದು ಎರಡನೆಯ ಹೆಸರು. ಮೊದಲಿನವರಿಗೆ ನನಗಿಂತ ಹೆಚ್ಚು ವರ್ಷದ ಅನುಭವವಿತ್ತು. ಅವರು ಬಂದು ಊರು ನೋಡಿ, ತಮಗೆ ಒಗ್ಗುವ ಮನೆ ಸಿಗಲಿಲ್ಲವೆಂದು ಸೇರಲಿಲ್ಲ. ಹೀಗೆ ಹುದ್ದೆ ನನಗೆ ಬಂತು. ಆ ಎರಡು ಪುಟಗಳಿಂದ ನನಗೆ ಲಾಭವಾಯಿತೋ ನಷ್ಟವಾಯಿತೋ ಇಂದಿಗೂ ತಿಳಿಯದು. ಕೇಳಲು ಆ ಅಧಿಕಾರಿ ಮತ್ತೆ ಸಿಕ್ಕಿಲ್ಲ.

ಈಗ ನನ್ನ ಕೈಕೆಳಗೆ ಇಬ್ಬರು ಹುಡುಗಿಯರು ಕೆಲಸ ಮಾಡುತ್ತಾರೆ. ಹೋದ ವಾರ ಅವರಲ್ಲಿ ಒಬ್ಬಳು ಶಿಗ್ಗಾವಿಯ ಕಡೆಯ ಒಂದು ಫೈಲು ತಂದು, ಈ ಅಜ್ಜ ನಾಲ್ಕು ತಿಂಗಳಿಂದ ಕಿವಿಯ ಯಂತ್ರಕ್ಕೆ ಸೆಲ್ಲು ಒಯ್ದಿಲ್ಲ, ಆದರೂ ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಾರೆ, ಹೇಗೆ ಎಂದು ಕೇಳಿದಳು. ನನಗೂ ಗೊತ್ತಿಲ್ಲ ಎಂದೆ. ಮರುದಿನ ಮುಂಜಾನೆ ಏಳೂವರೆಯ ಶಿಗ್ಗಾವಿ ಬಸ್ಸಿಗೆ ಇಬ್ಬರೂ ಹೊರಟೆವು.