ಮೂಡಣದ ಅರುಂಧತಿ

ನಮ್ಮ ಕಾಲದಲ್ಲಿ ಗಂಡನ ಹೆಸರು ಬಾಯಲ್ಲಿ ಬರುವಂತಿರಲಿಲ್ಲ. ಈಗ ನನಗೆ ಯಾರ ಹೆದರಿಕೆ? ತ್ರ್ಯಂಬಕ. ಕುಮಟೆಯ ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ, ಮನೆ ಮಿರ್ಜಾನದಲ್ಲಿ.

ಈ ಮನುಷ್ಯ ಎಂಥವರು ಎಂದು ಮದುವೆಯ ದಿನವೇ ತಿಳಿಯಿತು. ಐವತ್ತೆಂಟನೇ ಇಸವಿ, ಮಟಮಟ ಮಧ್ಯಾಹ್ನ. ಭಟ್ಟರು ನಮ್ಮನ್ನು ಚಪ್ಪರದ ಹೊರಗೆ ಕರೆದು, ಆಕಾಶಕ್ಕೆ ಬೆರಳು ಮಾಡಿ, "ಹೆಂಡ್ತಿಗೆ ಅರುಂಧತಿ ನಕ್ಷತ್ರ ತೋರ್ಸು" ಎಂದರು. ಎಲ್ಲ ಮದುವಣಗಿತ್ತಿಯರಂತೆ ನಾನೂ ತಲೆ ಬಗ್ಗಿಸಿಕೊಂಡೇ "ಕಾಣ್ತು" ಎಂದೆ. ಇವರು ಮಾತ್ರ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿಯೇ ನೋಡಿದರು. "ಭಟ್ರೇ, ಹಗಲಲ್ಲಿ ಎಂತ ನಕ್ಷತ್ರ? ಯಂಗಂತೂ ಕಾಣ್ತಿಲ್ಲೆ" ಎಂದುಬಿಟ್ಟರು! ದಿಬ್ಬಣಕ್ಕೆ ದಿಬ್ಬಣವೇ ನಕ್ಕಿತು. ನನಗೆ ಸಾಕೋ ಸಾಕಾಯಿತು.

ಕನ್ನಡಕದ ಗಾಜು, ತಗಡಿನ ಕೊಳವೆ ಸೇರಿಸಿ ಇವರೇ ಒಂದು ದುರ್ಬೀನು ಮಾಡಿಕೊಂಡಿದ್ದರು. ಸಂಜೆ ಬಂದವರೇ ಅಂಗಳಕ್ಕಿಳಿದು, ಇವತ್ತು ಯಾವುದನ್ನು ನೋಡುವುದು ಎಂದು ಆರಿಸುವರು. ಅಕ್ಕಿಯ ಕಲ್ಲು ಆರಿಸುವಾಗ ನಾನೂ ಅಷ್ಟು ಹೊತ್ತು ತೆಗೆದುಕೊಂಡವಳಲ್ಲ! ಪಡುವಣದ್ದು ಬೇಗ ಮುಳುಗುತ್ತದೆ, ಅದು ಮೊದಲು. ಮೂಡಣದ್ದು ಗುಡ್ಡ ದಾಟಿ ಬರುವ ತನಕ ಕಾಯಬೇಕು. ಬೆಳದಿಂಗಳಿದ್ದರೆ ಮಸುಕು ಚುಕ್ಕಿಗಳ ಗೊಡವೆ ಬೇಡ, ಚಂದ್ರನನ್ನೇ ನೋಡು. ಕೊಳವೆಗೆ ಕ್ಯಾಮರಾ ಕಟ್ಟಿ ತೆಗೆದ ಚಂದ್ರನ ಫೋಟೋ ಅಂಗಡಿಯಲ್ಲಿ ತೂಗುತ್ತಿತ್ತು. ಮೋಡ ಕವಿದ ದಿನ ಪಟೇಲರೇ ಮನೆಮಂದಿಯೊಡನೆ ಬಂದರೂ "ಇವತ್ತು ಎಂತದೂ ಇಲ್ಲೆ" ಎಂದು ದುರ್ಬೀನು ಒಳಗಿಡುವರು. ಏನಾದರೊಂದು ಬೆಳಕು ತೋರಿಸಿ ಇದೇ ಶನಿ ಎನ್ನಬಾರದಿತ್ತೇ ಎಂದರೆ, "ಇಲ್ಲದ್ದನ್ನ ಇದ್ದು ಹೇಳಲಾಗ" ಎಂದು ನನಗೇ ಬೈಗುಳ.

ಅರವತ್ನಾಲ್ಕರ ವೈಶಾಖದಲ್ಲಿ ಅತ್ತೆ ಮಹಾಲಕ್ಷ್ಮಮ್ಮನಿಗೆ ಅರುಂಧತಿ ಕಾಣದಾಯಿತು. ಕಣ್ಣಿಗೆ ಪೊರೆ ಬಂದಿತ್ತು, ಅಷ್ಟೇ. ಆದರೆ ಅರುಂಧತಿ ಕಾಣದವರಿಗೆ ಆರೇ ತಿಂಗಳು ಆಯುಷ್ಯ ಎಂದು ಹಿಂದಿನವರ ಮಾತಿದೆಯಲ್ಲ, ಅತ್ತೆ ಅದನ್ನೇ ಹಿಡಿದು ಕುಳಿತರು. ಮಳೆಗಾಲ ಕಳೆಯುವುದರೊಳಗೆ ಒಳ್ಳೊಳ್ಳೆಯ ಸೀರೆಗಳನ್ನೆಲ್ಲ ಹಂಚಿದರು. ಊಟ ನಾಲ್ಕು ತುತ್ತಿಗೆ ಇಳಿಯಿತು. ಕಾರ್ತಿಕದಲ್ಲಿ ಕುಮಟೆಗೆ ಡಾಕ್ಟರರು ಬಂದು ಪೊರೆ ತೆಗೆಯುವ ಶಿಬಿರ ಹಾಕಿದರೆ, ಹೊರಡಲು ಒಲ್ಲೆ ಎಂದರು. "ಹೋಗೋ ಜೀವಕ್ಕೆ ಹೊಸಾ ಕಣ್ಣು ಎಂತಕ್ಕೆ? ಅರುಂಧತಿ ತೋರ್ಸು, ಬತ್ತೆ."

ತೋರಿಸುವುದು ಹೇಗೆ? ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಮಗ್ಗುಲಲ್ಲಿರುವ ಸಣ್ಣ ಚುಕ್ಕಿ ಅದು. ಕಾರ್ತಿಕದಲ್ಲಿ ಆ ಮಂಡಲ ಬೆಳಗಿನ ಜಾವವೇ ಬಡಗಣದಲ್ಲಿ ಏಳುವುದು. ಇವರು ದಿನಾ ಜಾವಕ್ಕೆದ್ದು ತಾಯಿಯನ್ನು ಅಂಗಳದಲ್ಲಿ ದುರ್ಬೀನಿನ ಮುಂದೆ ಕೂರಿಸಿದರು. ಹೊಳೆಯಿಂದೆದ್ದ ಹಾಳು ಮಂಜು, ಬೇಲಿಯೇ ಕಾಣದು! ನಾಳೆ ಶಿಬಿರ ಮುಗಿಯುತ್ತದೆ ಎನ್ನುವ ದಿನವೂ ಮಂಜೇ. ಆ ಸಂಜೆ ಇವರು ಅಂಗಳದಲ್ಲಿ ಒಬ್ಬರೇ ಕುಳಿತು ಅತ್ತರು.

ಊಟದ ಹೊತ್ತಿಗೆ ಎದ್ದು ದುರ್ಬೀನು ತಿರುಗಿಸಿ, "ಆಯಿ, ಬಾ. ಕಾಣ್ತು" ಎಂದು ಕರೆದರು. ಅತ್ತೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಹೌದೋ ಅಪ್ಪಿ, ಎರಡು ಇದ್ದು!"

"ಒಂದು ವಸಿಷ್ಠ, ಇನ್ನೊಂದು ಅರುಂಧತಿ" ಎಂದರು ಇವರು.

ನಾನು ನೋಡುತ್ತೇನೆ, ಕೊಳವೆಯ ಮೂತಿ ಮೂಡಣ ಗುಡ್ಡದ ಮೇಲಿನ ರೋಹಿಣಿಯ ಕಡೆಗಿದೆ! ಅಲ್ಲಿಯೂ ಒಂದು ಜೋಡಿ ಚುಕ್ಕಿ ಇದೆ, ನನಗೆ ಹಿಂದೆ ತೋರಿಸಿದ್ದರು. ನಾನು ಅತ್ತೆಯ ಕೈ ಹಿಡಿದು ಊಟಕ್ಕೆ ಕರೆದೊಯ್ದೆ.

ಮರುದಿನ ಅತ್ತೆ ಶಿಬಿರಕ್ಕೆ ಬಂದರು. ಪೊರೆ ತೆಗೆದರು, ದಪ್ಪ ಕನ್ನಡಕ ಬಂತು. ಮುಂದಿನ ವೈಶಾಖದ ಒಂದು ಸಂಜೆ ಅತ್ತೆ ಅಂಗಳದಲ್ಲಿ ನಿಂತು, ಬಡಗಣಕ್ಕೆ ಕತ್ತೆತ್ತಿ, ಯಾರ ಸಹಾಯವೂ ಇಲ್ಲದೆ ಅರುಂಧತಿಯನ್ನು ಹುಡುಕಿಕೊಂಡರು. ಇವರ ಮುಖ ಬಿಳಿಚಿಕೊಂಡಿತು. "ಆಯಿ, ಅವತ್ತು..." ಎಂದು ತೊದಲಿದರು.

"ಸುಮ್ನಿರು" ಎಂದರು ಅತ್ತೆ. "ಅರುಂಧತಿ ಬಡಗಕ್ಕೆ ಇರ್ತು ಹೇಳಿ ಯಂಗೆ ಗೊತ್ತಿಲ್ಯನ? ಅವತ್ತು ಯನ್ನ ಮುಖ ಮೂಡಕ್ಕೆ ಇತ್ತು. ಮದುವೆ ದಿನವೂ ಸುಳ್ಳು ಹೇಳದ ಮಾಣಿ, ಯನ್ನ ಉಳಿಸ್ಕಂಬಲೆ ಸುಳ್ಳು ಹೇಳ್ದ ಮೇಲೆ, ಹೌದು ಹೇಳದೇ ಎಂತ ಮಾಡ್ಲಿ?"