ಗೋಲ್‌ಕೀಪರನ ಕೈಯ ರಂಜಕ

ಸಂಕ್ರಾಂತಿ ಮುಗಿದ ಮೇಲೆ ಪ್ರತಿವರ್ಷ ಗದಗದ ಬಸ್ಸಿನಲ್ಲಿ ಹಾವೇರಿಗೆ ನನ್ನ ಹೆಸರಿಗೊಂದು ಭರಣಿ ಬರುತ್ತದೆ. "ಒಳಗೇನೈತ್ರಿ ಅಕ್ಕಾರ? ದಾರಿತುಂಬ ಮಂದಿ ಬಾಯಾಗ ನೀರು ತರಿಸೈತಿ" ಎನ್ನುತ್ತ ಕಂಡಕ್ಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತಾನೆ. ಮನೆಗೆ ತಂದು, ಬಾಯಿಗೆ ಬಿಗಿದ ಕೆಂಪು ಬಟ್ಟೆ ಬಿಚ್ಚಿದ ಕೂಡಲೇ ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಲಿಂಬೆ, ಹುರಿದ ಮೆಂತ್ಯದ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಅದರ ಹಿಂದೆಯೇ ರಾಣೆಬೆನ್ನೂರಿನ ನಮ್ಮ ಮನೆ ಎದ್ದು ಬರುತ್ತದೆ. ಕೆಳಗೆ ಅಪ್ಪನ ಬೀಜದ ಅಂಗಡಿ, ಔಷಧ ಹಚ್ಚಿದ ಗುಲಾಬಿ ಬಣ್ಣದ ಬೀಜಗಳ ಘಾಟು, ಮೇಲೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಭರಣಿಯಲ್ಲಿರುವುದು ಅವ್ವನ ರಂಜಕ, ಹಣ್ಣು ಮೆಣಸಿನಕಾಯಿ ಅರೆದ ಕೆಂಪು ಚಟ್ನಿ. ಅವ್ವ ಈಗಿಲ್ಲ. ಇದನ್ನು ಅರೆದ ಕೈ, ಅವಳ ಒಬ್ಬಳೇ ಮಗಳಾದ ನನ್ನದಲ್ಲ, ಒಬ್ಬ ಗೋಲ್‌ಕೀಪರನದು. ಹೀಗಾಗಿ ರಂಜಕವನ್ನು ನಾಲಿಗೆಗೆ ಹಚ್ಚುವ ಮೊದಲೇ ನನ್ನ ಹೊಟ್ಟೆ ಉರಿಯತೊಡಗುತ್ತದೆ.

ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ನಮ್ಮ ಕಡೆ ಒಂದು ಫುಟ್‌ಬಾಲ್ ಕ್ಲಬ್ ಇತ್ತು. ಹವ್ಯಾಸಕ್ಕೆ ಆಡುವವರದಲ್ಲ, ಸಂಬಳ ಕೊಟ್ಟು ಆಡಿಸುವ ಕ್ಲಬ್. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳು ದುಡ್ಡು ಹಾಕಿದರು, ರಾಣೆಬೆನ್ನೂರಿನ ಬೀಜದ ಅಂಗಡಿಯವರು ಮೈದಾನ ಕೊಟ್ಟರು, ಹಾವೇರಿಯವರು ಜಿಲ್ಲೆಯ ಊರು ನಮ್ಮದು ಎಂಬ ಗತ್ತನ್ನು ಕೊಟ್ಟರು. ಮೂರೂ ಊರಿಗೆ ಒಂದರ ಮೇಲೊಂದಕ್ಕೆ ಎಷ್ಟು ಹೊಟ್ಟೆಕಿಚ್ಚಿತ್ತೆಂದರೆ, ಕ್ಲಬ್ಬಿನ ಹೆಸರಿನಲ್ಲಿ ಯಾವ ಊರು ಮೊದಲು ಬರಬೇಕೆಂಬ ಜಗಳ ಕೊನೆಯವರೆಗೂ ಬಗೆಹರಿಯಲಿಲ್ಲ. ಅಂಗಿಯ ಎದೆಯ ಮೇಲೆ ಒಂದು ಮೆಣಸಿನಕಾಯಿ ಬಿಡಿಸೋಣವೆಂದು ಯಾರೋ ಅಂದರೆ, "ಮೆಣಸಿನಕಾಯಿ ಅಂದ್ರ ಬ್ಯಾಡಗಿ ಆತಲ್ಲರೀ" ಎಂದು ಹಾವೇರಿಯವರು ಎದ್ದು ಹೊರಟರಂತೆ. ಕೊನೆಗೆ ಹೆಸರೂ ಚಿತ್ರವೂ ಇಲ್ಲದ ಬರಿಯ ಕೆಂಪಂಗಿ ತೊಟ್ಟು ಆಡಿದರು. ಆಟಗಾರರಾದರೂ ಎಂಥವರು! ಕುಮಾರಪಟ್ಟಣದ ಕಡೆಯ ಅಣ್ಣತಮ್ಮಂದಿರಿಬ್ಬರು ಬೇರೆಯವರಿಗೆ ಚೆಂಡು ಕೊಡುತ್ತಲೇ ಇರಲಿಲ್ಲ. ದೇವರಗುಡ್ಡದ ಹುಡುಗನೊಬ್ಬ ಹೋರಿ ಬೆನ್ನಟ್ಟಿ ಓಟ ಕಲಿತವನು, ಓಡಲು ಶುರುಮಾಡಿದರೆ ಗೆರೆ ದಾಟಿ ಜೋಳದ ಹೊಲಕ್ಕೆ ನುಗ್ಗಿದ ಮೇಲೆಯೇ ನಿಲ್ಲುತ್ತಿದ್ದ. ಬ್ಯಾಡಗಿಯಲ್ಲಿ ಪಂದ್ಯವಿದ್ದ ದಿನ ಪೇಟೆಯ ಕಡೆಯಿಂದ ಗಾಳಿ ಬೀಸಿದರೆ ಸಾಕು, ಹೊರಗಿನ ತಂಡದವರು ಸೀನುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು, ನಮ್ಮವರು ಅಷ್ಟರಲ್ಲಿ ಗೋಲು ಹೊಡೆಯುತ್ತಿದ್ದರು.

ಅಪ್ಪ ಕ್ಲಬ್ಬಿನ ಕಾರ್ಯದರ್ಶಿ. ಹೊರಗಿನಿಂದ ಬಂದ ಆಟಗಾರರನ್ನು ಹೋಟೆಲಿನಲ್ಲಿಟ್ಟು ಸಾಕುವ ತಾಕತ್ತು ಕ್ಲಬ್ಬಿಗಿರಲಿಲ್ಲ. ಅದಕ್ಕೇ ಹಿಂದೆ ಓದುವ ಹುಡುಗರು ವಾರಾನ್ನ ಉಣ್ಣುತ್ತಿದ್ದಂತೆ, ದಿನಕ್ಕೊಂದು ಮನೆಯಲ್ಲಿ ಅವರ ಊಟವೆಂದು ಗೊತ್ತುಮಾಡಿದರು. ನಮ್ಮ ಪಾಲಿಗೆ ಬಂದದ್ದು ಶುಕ್ರವಾರ. ಮೊದಲ ಶುಕ್ರವಾರ ಎಲ್ಲರೂ ಉಂಡು ಎದ್ದುಹೋದ ಮೇಲೂ ಒಬ್ಬ ಕುಳಿತೇ ಇದ್ದ. ಗದಗ-ಬೆಟಗೇರಿಯ ಸ್ಯಾಮ್ಯುಯೆಲ್, ನಮ್ಮ ಗೋಲ್‌ಕೀಪರ್. ಹಿಂದಿನ ದಿನ ನಮ್ಮ ತಂಡ ಸೋತಿತ್ತು, ಯಾರೂ ಅವನ ಜೊತೆ ಮಾತಾಡಿರಲಿಲ್ಲ. ಅವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಚೆಂಡು ನಿನ್ನ ತನಕಾ ಬರೂಮಟ ಉಳಿದ ಹತ್ತು ಮಂದಿ ಏನ್ ಮಾಡಾಕತ್ತಿದ್ರು? ಉಣ್ಣು ತಮ್ಮಾ" ಎಂದಳು. ಆ ಇಪ್ಪತ್ತರ ಗಂಡು ತಟ್ಟೆಯ ಮೇಲೆ ಬಗ್ಗಿ ಅತ್ತುಬಿಟ್ಟ. ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ ನನಗೆ ಅವನ ಮೇಲೆ ಕನಿಕರ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ನಾನು ಗಣಿತದಲ್ಲಿ ಫೇಲಾಗಿ ಬಂದ ದಿನ ಇದೇ ಅವ್ವ ನನಗೆ ಇಂಥ ಮಾತು ಹೇಳಿರಲಿಲ್ಲ.

ಅಲ್ಲಿಂದ ಅವನು ಶುಕ್ರವಾರವೊಂದೇ ಅಲ್ಲ, ವಾರಪೂರ್ತಿ ನಮ್ಮ ಮನೆಯವನಾದ. ಸ್ಯಾಮ್ಯುಯೆಲ್ ಹೋಗಿ ಸಾಮು ಆದ, ನನಗೆ ಸಾಮಣ್ಣನಾದ. ಅವ್ವನನ್ನು ಅವನೂ ಅವ್ವಾ ಎಂದೇ ಕರೆಯತೊಡಗಿದ. ಅದು ನನ್ನ ಶಬ್ದ, ಅವನಿಗೆ ಯಾರು ಕೊಟ್ಟರು? ಮೊಸರಿನ ಕೆನೆ ಅವನ ತಟ್ಟೆಗೇ ಹೋಗುತ್ತಿತ್ತು. ಖರೇ ಹೇಳಬೇಕೆಂದರೆ ನನಗೆ ಕೆನೆ ಕಂಡರೆ ಆಗುತ್ತಿರಲಿಲ್ಲ, ಆದರೂ ಅದು ಅವನ ತಟ್ಟೆಗೆ ಬೀಳುವಾಗ ಜೀವ ಚುರ್ರೆನ್ನುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ರಂಜಕದ ದಿನಗಳು. ಬ್ಯಾಡಗಿಯಿಂದ ಹಣ್ಣು ಮೆಣಸಿನಕಾಯಿ ಬಂದೊಡನೆ ಅವ್ವ ಒರಳ ಮುಂದೆ ಕೂರುತ್ತಿದ್ದಳು. ನಾನು ಹತ್ತಿರ ಹೋದರೆ, "ಕೈ ಉರೀತಾವ, ಹೋಗು, ಓದ್ಕೋ ಹೋಗು" ಎಂದು ಅಟ್ಟುತ್ತಿದ್ದಳು. ಅವನನ್ನು ಮಾತ್ರ, "ಬಾರೋ ತಮ್ಮಾ, ಚೆಂಡು ಹಿಡದು ಹಿಡದು ನಿನ್ನ ಕೈ ದಪ್ಪ ಆಗ್ಯಾವ" ಎಂದು ಕರೆದು ಕೂರಿಸಿಕೊಳ್ಳುತ್ತಿದ್ದಳು. ಚರ್ಚಿಗೆ ಹೋಗುವವನನ್ನು ಅಡುಗೆಮನೆಗೆ ಬಿಟ್ಟುಕೊಂಡಿದ್ದಾಳೆಂದು ಓಣಿಯ ಹೆಂಗಸರು ಆಡಿಕೊಂಡರು. ಅವ್ವ ಅವರ ಮನೆಗೂ ಒಂದೊಂದು ಬಟ್ಟಲು ರಂಜಕ ಕಳಿಸಿದಳು, ಬಟ್ಟಲು ನೆಕ್ಕಿ ಸುಮ್ಮನಾದರು. ನಾನು ಒಳಕೋಣೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಒರಳಿನ ಗುಡುಗುಡು ಸದ್ದನ್ನೂ ಅವರಿಬ್ಬರ ನಗುವನ್ನೂ ಕೇಳುತ್ತ ಕುಳಿತಿರುತ್ತಿದ್ದೆ. ಆ ಹೊಟ್ಟೆಕಿಚ್ಚಿನ ಮೇಲೆ ಹಂಚು ಇಟ್ಟಿದ್ದರೆ ಅವ್ವ ಆರಾಮಾಗಿ ರೊಟ್ಟಿ ಬೇಯಿಸಬಹುದಿತ್ತು.

ಕ್ಲಬ್ಬು ಸೋತು ಸಾಯಲಿಲ್ಲ, ಗೆದ್ದು ಸತ್ತಿತು. ದಾವಣಗೆರೆಯಲ್ಲಿ ನಡೆದ ಟೂರ್ನಮೆಂಟಿನಲ್ಲಿ ಸಾಮಣ್ಣ ಕೊನೆಯ ಪೆನಾಲ್ಟಿಯನ್ನು ತಡೆದ, ನಮಗೆ ಕಪ್ ಬಂತು. ಮುಚ್ಚಳವಿದ್ದ, ಅಡಿಗೆ ಮರದ ಪೀಠವಿದ್ದ ಎತ್ತರದ ಬೆಳ್ಳಿಬಣ್ಣದ ಕಪ್. ಅದು ಯಾವ ಊರಿನಲ್ಲಿರಬೇಕು? ನಮ್ಮ ಪಡಸಾಲೆಯಲ್ಲಿ ಮೂರೂ ಊರಿನ ಹಿರಿಯರು ಕುಳಿತು ದನಿಯೇರಿಸಿದರು. ದುಡ್ಡು ನಮ್ಮದು, ಮೈದಾನ ನಮ್ಮದು, ಜಿಲ್ಲೆ ನಮ್ಮದು. ಚಹಾ ಹಿಡಿದು ಬಂದ ಅವ್ವ ಬಾಗಿಲಲ್ಲಿ ನಿಂತು, "ಕಪ್ ಒಂದೂರಾಗ ಇಡ್ರಿ, ಮುಚ್ಚಳ ಒಂದೂರಾಗ, ಪೀಠ ಇನ್ನೊಂದೂರಾಗ. ವರ್ಷಕ್ಕೊಮ್ಮೆ ಜೋಡಸಾಕರ ಎಲ್ಲಾರೂ ಕೂಡ್ತೀರಿ" ಎಂದಳು. ಎಲ್ಲರೂ ಬಿದ್ದುಬಿದ್ದು ನಕ್ಕರು. ಅಪ್ಪ ನಕ್ಕರು, ನಾನೂ ನಕ್ಕೆ. ನಗದೆ ಇದ್ದವನು ಸಾಮಣ್ಣ ಒಬ್ಬನೇ. ಆಮೇಲೆ ಕಪ್ ಇಡಿಯಾಗಿ ಒಂದೂರಿಗೆ ಹೋಯಿತು, ಉಳಿದೆರಡು ಊರಿನವರು ಕ್ಲಬ್ಬಿನ ಕಡೆ ತಲೆಹಾಕಲಿಲ್ಲ. ಆಟಗಾರರು ಒಬ್ಬೊಬ್ಬರಾಗಿ ಗಂಟು ಕಟ್ಟಿದರು. ಆ ಮೈದಾನದಲ್ಲಿ ಈಗ ಬೀಜದ ಗೋದಾಮುಗಳು ನಿಂತಿವೆ. ನಿಮ್ಮೂರಿನಲ್ಲೂ ಇಂಥದ್ದೇನೋ ಒಂದು ಇದ್ದು, ಹೀಗೇ ಹೋಗಿರಬಹುದು.

ಸಾಮಣ್ಣ ಗದಗಿಗೆ ಮರಳಿ ಅಲ್ಲಿನ ಶಾಲೆಯಲ್ಲಿ ಆಟದ ಮೇಷ್ಟ್ರಾದ. ನಾನು ಮದುವೆಯಾಗಿ ಹಾವೇರಿಗೆ ಬಂದೆ. ಅಪ್ಪ ತೀರಿದರು. ಅವ್ವ ಹಾಸಿಗೆ ಹಿಡಿದಾಗ ಹಗಲೂ ರಾತ್ರಿ ಅವಳ ಬಳಿ ಇದ್ದವಳು ನಾನು. ಆದರೂ ಸುದ್ದಿ ಕೇಳಿ ಸಾಮಣ್ಣ ಬಂದ ದಿನ ಅವಳ ಮುಖ ಬೆಳಗಿದಂತೆ ನನ್ನನ್ನು ಕಂಡು ಒಂದು ದಿನವೂ ಬೆಳಗಿರಲಿಲ್ಲ. "ಅಣ್ಣಗ ಚಹಾ ಮಾಡ್ಕೊಂಡು ಬಾ" ಎಂದು ನನ್ನನ್ನು ಒಳಗೆ ಕಳಿಸಿ, ಅವನ ಕೈ ಹಿಡಿದು ಏನೋ ಹೇಳಿದಳು. ನಾನು ಬರುವಷ್ಟರಲ್ಲಿ ಮಾತು ಮುಗಿದಿತ್ತು, ಅವನ ಕಣ್ಣು ಕೆಂಪಾಗಿದ್ದವು. ನನಗೆ ಅವಳು ಕೊಟ್ಟದ್ದು ಖಾಲಿ ಭರಣಿಯನ್ನು. "ಯಾರಿಗೂ ಕೊಡಬ್ಯಾಡ. ಸಾಮು ಕೇಳಿದ್ರ ಮಾತ್ರ ಇಲ್ಲ ಅನಬ್ಯಾಡ" ಎಂದಳು. ಅವಳು ತೀರಿಕೊಂಡ ವರ್ಷದ ಚಳಿಗಾಲಕ್ಕೇ ಅವನ ಫೋನು ಬಂತು, "ತಂಗಿ, ಭರಣಿ ಕಳಸು." ಭರಣಿಯೂ ಬೇಕಾಯಿತೇ ಇವನಿಗೆ ಎಂದು ಹಲ್ಲು ಕಡಿಯುತ್ತಲೇ ಕಳಿಸಿದೆ. ಅದು ತುಂಬಿಕೊಂಡು ಬಂತು, ಬಾಯಿಗೆ ಕ್ಲಬ್ಬಿನ ಹಳೆಯ ಕೆಂಪಂಗಿಯ ತುಂಡು ಕಟ್ಟಿತ್ತು. ಅಂದಿನಿಂದ ಪ್ರತಿವರ್ಷ ಇದೇ ನಡೆಯುತ್ತ ಬಂದಿದೆ. ನಡುವೆ ನಾನೇ ಎಷ್ಟೋ ಸಲ ಅರೆದು ನೋಡಿದೆ. ಖಾರ ಬರುತ್ತದೆ, ಹುಳಿ ಬರುತ್ತದೆ, ಅವ್ವ ಬರುವುದಿಲ್ಲ.

ಈ ವರ್ಷ ತಡೆಯಲಾಗದೆ ನಾನೇ ಫೋನು ಮಾಡಿ ಜಗಳ ತೆಗೆದೆ. "ಸಾಮಣ್ಣ, ಈ ಸಲ ಭರಣಿ ಕಳಸೂದಿಲ್ಲ. ಹೆಂಗ ಮಾಡೂದಂತ ಹೇಳು, ನಾನ ಮಾಡ್ಕೋತೇನಿ. ಆಕಿ ನನ್ನ ಅವ್ವ."

"ಹೇಳಾಕ ಬರೂದಿಲ್ಲ ತಂಗಿ. ಅವ್ವಗ ಮಾತು ಕೊಟ್ಟೇನಿ. ಅವತ್ತ ನೀ ಚಹಾ ಮಾಡಾಕ ಹೋಗಿದ್ದಿ ನೋಡು, ಆವಾಗ ಹೇಳಿದ್ರು. 'ಭರಣಿ ಮಗಳ ಕಡೆ ಇಟ್ಟೇನಿ, ರಂಜಕ ನಿನ್ನ ಕೈಯಾಗ ಇಟ್ಟೇನಿ. ಆಕಿಗೆ ಒಡಹುಟ್ಟಿದವರು ಯಾರೂ ಇಲ್ಲ. ಕಲಿಸಿಬಿಟ್ಟಿ ಅಂದ್ರ ಆಕಿ ನಿನ್ನ ಕಡೆ ಹೊಳ್ಳಿ ನೋಡೂದಿಲ್ಲ' ಅಂದ್ರು."

ಕಪ್ ಒಂದೂರಾಗ, ಮುಚ್ಚಳ ಒಂದೂರಾಗ ಎನ್ನುತ್ತ ಪಡಸಾಲೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ಅವ್ವ ನನಗೆ ಕಂಡಳು, ಸುತ್ತಲೂ ನಗುತ್ತಿದ್ದ ನಾವೆಲ್ಲ ಕಂಡೆವು. ಫೋನು ಹಿಡಿದುಕೊಂಡೇ ಅತ್ತೆ. ಅಳುವಿನ ನಡುವೆಯೂ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಚುರ್ರೆಂದಿತು. ಇದನ್ನೂ ಅವಳು ಅವನಿಗೇ ಹೇಳಿದಳು, ನನಗೆ ಹೇಳಲಿಲ್ಲ. ಆ ಮನೆಯಲ್ಲಿ ಈಗ ಯಾರೂ ಇಲ್ಲ, ಆದರೆ ಅಲ್ಲಿ ಹೊತ್ತಿಕೊಂಡ ಈ ಉರಿ ಮಾತ್ರ ನನ್ನಲ್ಲಿ ಆರದೆ ಉಳಿದಿದೆ. ಅದು ಆರುವುದೂ ಈಗ ನನಗೆ ಬೇಡ. ಕಣ್ಣೊರೆಸಿಕೊಂಡು ಭರಣಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದೆ, ಮರುದಿನ ಬೆಳಿಗ್ಗೆ ಗದಗದ ಬಸ್ಸಿಗೆ ಕೊಟ್ಟುಬಂದೆ.