ಯಶೋಧರಾಳ ಮುಖ ಮತ್ತು ಒಂದು ಖಾಲಿ ಟ್ಯೂಬು

ಯಶೋಧರಾ ಧರಣಿಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವವಳಲ್ಲ. ಕೋಡ್ಲಾದ ಆಶಾ ಕಾರ್ಯಕರ್ತೆ, ಮೂವತ್ತನಾಲ್ಕು ವರ್ಷ, ಎರಡು ಮಕ್ಕಳ ತಾಯಿ. ಸೇಡಂ ತಹಸೀಲ್ ಕಚೇರಿ ಮುಂದೆ ಅವಳು ಘೋಷಣೆ ಕೂಗಿದರೆ ಎದುರಿನ ಚಹಾದಂಗಡಿಯವನು ಹಾಡು ಬಂದ್ ಮಾಡಿ ಕೇಳುತ್ತಿದ್ದ. ಅಂಥವಳು ಈ ಚಳಿಗಾಲದಲ್ಲಿ ಓಢಣಿಯಿಂದ ಮುಖ ಸುತ್ತಿಕೊಂಡು ಗೋಡೆಗೆ ಆತು ಕೂರತೊಡಗಿದಳು. ಐದು ನಿಮಿಷಕ್ಕೊಮ್ಮೆ ಮೊಬೈಲ್ ಕ್ಯಾಮೆರಾ ತಿರುಗಿಸಿ ಗದ್ದ ನೋಡಿಕೊಳ್ಳುವುದು, ಬೆರಳಿಂದ ಮುಟ್ಟುವುದು, ಮತ್ತೆ ನೋಡುವುದು.

ಮೊಡವೆ. ಹದಿನಾರರ ಹುಡುಗಿಯರಿಗೆ ಮಾತ್ರ ಬರುತ್ತದೆಂದು ನಾವೆಲ್ಲ ತಿಳಿದ ಮೊಡವೆ. ಗದ್ದದಿಂದ ಕಿವಿಯ ಕೆಳಗಿನವರೆಗೆ ಕೆಂಪಗೆ, ಗಟ್ಟಿಯಾಗಿ.

"ಮದುವಿಯಾದ್ರ ಹೋಗ್ತಾವ ಅಂತಾರ. ನಿನಗ ಎರಡು ಹಡದ ಮ್ಯಾಲ ಬಂದಾವಲ್ಲವಾ," ಎಂದಳು ಅತ್ತೆ ಅನಸುಬಾಯಿ. "ನಿನ್ನ ಮೈಯಾಗ ಉಷ್ಣ ಭಾಳ ಅದ."

"ಉಷ್ಣ ಮೈಯಾಗಿಲ್ರಿ ಅತ್ತಿ, ನಿಮ್ಮ ಮಾತಿನ್ಯಾಗ ಅದ."

ಸುರುವಾದದ್ದು ಎರಡು ವರ್ಷದ ಹಿಂದೆ. ನಾಲ್ಕು ಮೊಡವೆ ಎದ್ದಾಗ ಜೊತೆಗಾರ್ತಿ ಅಂಬಿಕಾ ಒಂದು ಕ್ರೀಮು ಕೊಟ್ಟಳು. ನಮ್ಮ ಕಡೆ ಮೆಡಿಕಲ್ ಅಂಗಡಿಗೆ ಡಾಕ್ಟರ ಚೀಟಿ ಯಾರು ಒಯ್ಯುತ್ತಾರೆ? ಖಾಲಿ ಟ್ಯೂಬು ತೋರಿಸಿದರೆ ಅಂಥದೇ ಇನ್ನೊಂದು ಸಿಗುತ್ತದೆ. ಹೀಗೆ ಒಂದು ಟ್ಯೂಬು ಮನೆಯಿಂದ ಮನೆಗೆ ತಿರುಗಿ ಓಣಿ ತುಂಬ ಆಗುತ್ತದೆ. ವಾರದಲ್ಲಿ ಯಶೋಧರಾಳ ಮುಖ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನಂತಾಯಿತು. ನಾಲ್ಕು ದಿನ ಬಿಟ್ಟರೆ ಉರಿ, ಮೊಡವೆ. ಹಚ್ಚಿದರೆ ಮಾಯ. ಬಿಡಲು ಆಗದೆ ಹಚ್ಚಿದಳು. ಡಾಕ್ಟರ್ ಹೇಳದೆ ಔಷಧ ತೆಗೆದುಕೊಳ್ಳಬೇಡಿ ಎಂದು ಮನೆಮನೆಗೆ ಹೇಳಿ ಬರುವವಳು ಇವಳೇ! ಆಮೇಲಾಮೇಲೆ ಹಚ್ಚಿದರೂ ಮೊಡವೆ ಹೋಗದಾಯಿತು.

ಕಲಬುರಗಿಯ ಚರ್ಮದ ಡಾಕ್ಟರ್ ಸುಜಾತಾ ಟ್ಯೂಬು ತಿರುಗಿಸಿ ನೋಡಿದರು.

"ಇದರಾಗ ಸ್ಟೆರಾಯ್ಡ್ ಅದ. ಮೊದಲ ಮೊಡವಿ ಮುಚ್ಚತದ, ಆಮ್ಯಾಲ ತಾನೇ ಬೆಳಸ್ತದ. ಯಾರು ಬರದು ಕೊಟ್ರು?"

"ಯಾರೂ ಬರದಿಲ್ರಿ ಮೇಡಂ. ಖಾಲಿ ಟ್ಯೂಬ್ ತೋರಿಸಿದೆ."

ಮುಟ್ಟು ಸರಿಯಾಗಿ ಆಗುತ್ತದೆಯೇ, ಬಸಿರಿದ್ದೀಯಾ ಎಂದೆಲ್ಲ ಕೇಳಿ, ಡಾಕ್ಟರು ಗುಳಿಗೆ ಮತ್ತು ಒಂದು ಜೆಲ್ ಬರೆದರು. "ತೊಗರಿಕಾಳಿನಷ್ಟು ತಗೊಂಡು ಮುಖಕ್ಕೆಲ್ಲ ಹಚ್ಚು, ಮೊಡವಿ ಮ್ಯಾಲಷ್ಟೇ ಅಲ್ಲ. ಹಳೇದು ಮುಟ್ಟಬ್ಯಾಡ. ಅದನ್ನ ಬಿಟ್ಟ ಮ್ಯಾಲ ಮೊದಲ ಇನ್ನಾ ಕೆಡ್ತದ, ಅಂಜಬ್ಯಾಡ. ಮೂರು ತಿಂಗಳು ತಡಿ."

"ಮೂರು ತಿಂಗಳಾ? ಅಷ್ಟೊತ್ತಿಗಿ ಸರ್ಕಾರ ಸೈತ ನಮ್ಮನ್ನ ಮಾತಿಗಿ ಕರೀತದ್ರಿ!"

ಇನ್ನಿಪ್ಪತ್ತು ದಿನಕ್ಕೆ ಸೇಡಂನಲ್ಲಿ ಆಶಾಗಳ ಧರಣಿ. ಮೈಕು ಇವಳದೇ. ಜೆಲ್ ಹಚ್ಚತೊಡಗಿದ ಹನ್ನೆರಡನೇ ದಿನಕ್ಕೆ ಮುಖ ಹಣ್ಣಾದ ಗಾಯದಂತಾಯಿತು. ಅಂಬಿಕಾ ಹಳೆಯ ಕ್ರೀಮಿನದೇ ಹೊಸ ಟ್ಯೂಬು ತಂದಳು.

"ಪೇಪರಿನ್ಯಾಗ ಫೋಟೋ ಬರ್ತಾವ. ಎರಡೇ ದಿನ ಹಚ್ಕೋ ಅಕ್ಕಾ. ಡಾಕ್ಟರ್ ಏನು ಬಂದು ನೋಡ್ತಾಳಾ?"

ಯಶೋಧರಾ ಬೇಡ ಎನ್ನಲಿಲ್ಲ. ಇಸಿದುಕೊಂಡು ಜೋಳದ ಡಬ್ಬಿಯ ಹಿಂದೆ ಇಟ್ಟಳು. ಅಲ್ಲಿಂದ ತೆಗೆದು ಟ್ರಂಕಿನಲ್ಲಿಟ್ಟಳು. ಧರಣಿಯ ದಿನ ಅದು ಬ್ಯಾಗಿನಲ್ಲಿತ್ತು. ಬಸ್ಸಿನಲ್ಲಿ ಎರಡು ಸಲ ಮುಚ್ಚಳ ತೆಗೆದಳು, ಎರಡು ಸಲ ಹಾಕಿದಳು.

ಸಂಘಟನೆಯ ದೇವಿಂದ್ರ ಮೈಕು ಕೊಟ್ಟ. "ಓಢಣಿ ತಗಿಯವಾ, ದನಿ ಕೇಳಂಗಿಲ್ಲ."

ತೆಗೆದಳು. ಹಿಂದಿನಿಂದ ಯಾರೋ ನಕ್ಕರು. "ಏ ಯಶೋಧರಾ, ಮಾರಿ ಮ್ಯಾಲ ಮೆಣಸಿನಕಾಯಿ ಒಣಗಸಾಕತ್ತೀ ಏನ?"

ಅವಳ ಕಿವಿಯೂ ಕೆಂಪಾಯಿತು. ಬ್ಯಾಗಿಗೆ ಕೈ ಹಾಕಿ ಟ್ಯೂಬು ಎತ್ತಿ ಹಿಡಿದಳು. "ಹೌದು, ಇದನ್ನ ಹಚ್ಚಿ ಬೆಳಸೀನಿ. ಇದು ಯಾರ್ಯಾರ ಮನ್ಯಾಗ ಅದ? ಕೈ ಎತ್ರಿ."

ಯಾರೂ ಎತ್ತಲಿಲ್ಲ. ಆಮೇಲೆ ಅಂಬಿಕಾ ಎತ್ತಿದಳು. ಆಮೇಲೆ ಹನ್ನೊಂದು ಕೈ. ನಕ್ಕವಳದೂ ಇತ್ತು.

"ಕಲಬುರಗಿ ಡಾಕ್ಟರ್ ಕಡಿ ಕೂಡಿ ಹೋಗಮು. ಈಗ ಬೇಡಿಕಿ ಕೇಳ್ರಿ," ಎಂದು ಕಾಗದ ಬಿಡಿಸಿ ಓದಿದಳು.

ಧರಣಿ ಮುಗಿದ ಮೇಲೆ ಕ್ರೀಮನ್ನೆಲ್ಲ ಗಟಾರಕ್ಕೆ ಹಿಂಡಿದಳು. ಖಾಲಿ ಟ್ಯೂಬು ಬಿಸಾಕಲು ಹೋಗಿ ತಡೆದಳು. ಬಿಸಾಕಿದರೆ ಯಾರೋ ಎತ್ತಿಕೊಂಡು ನೆಟ್ಟಗೆ ಅಂಗಡಿಗೆ ಒಯ್ಯುತ್ತಾರೆ. ಚಹಾದಂಗಡಿಯವನು ಹಾಲಿನ ಪಾಕೀಟು ಒಡೆಯುವ ಕತ್ತರಿ ಇಸಿದುಕೊಂಡು, ಹೆಸರು ಓದಲು ಬಾರದಷ್ಟು ಸಣ್ಣಗೆ ಕತ್ತರಿಸಿದಳು. ನಡುನಡುವೆ ಕೈ ಗದ್ದಕ್ಕೆ ಹೋಗುತ್ತಿತ್ತು. ಎಳೆದುಕೊಂಡು ಮತ್ತೆ ಕತ್ತರಿಸುತ್ತಿದ್ದಳು.